ಮೂವತ್ತು ಅಡಿ ಎತ್ತರದ ಹೋಲ್ಡಾನ್

ವಿಮಾನಗಳು ಟ್ರ್ಯಾಕ್ಟರಿನಷ್ಟು ಅಗ್ಗವಾದ ಮೇಲೆ ಜನ ಅವನ್ನು ಟ್ರ್ಯಾಕ್ಟರಿನಂತೆಯೇ ಬಳಸತೊಡಗಿದರು. ರೆಕ್ಕೆಗೆ ಬಳಿದ ಬಣ್ಣವೇ ಬಿಸಿಲು ಕುಡಿದು ವಿದ್ಯುತ್ ಮಾಡುವ ವಿದ್ಯೆ ಕೈಗೆ ಬಂದು ಹತ್ತು ವರ್ಷವಾಗಿತ್ತು. ನಾಲ್ಕು ಸೀಟಿನ ಆ ಪುಟ್ಟ ವಿಮಾನಗಳಿಗೆ ಪೆಟ್ರೋಲು ಬೇಡ, ಸದ್ದಿಲ್ಲ, ಹಿತ್ತಲಿನಷ್ಟು ಜಾಗದಲ್ಲಿ ನಿಲ್ಲುತ್ತವೆ. ಗದಗ ಜಿಲ್ಲೆಯೊಂದರಲ್ಲೇ ಮುನ್ನೂರಿದ್ದವು. ತಾಲ್ಲೂಕಿಗೊಂದು ಇಳಿದಾಣ, ಅಂದರೆ ಅರ್ಧ ಕಿಲೋಮೀಟರ್ ಡಾಂಬರು, ಒಂದು ತಗಡಿನ ಶೆಡ್ಡು, ಅದಕ್ಕಿಂತ ಮೊದಲೇ ತಯಾರಾಗಿದ್ದ ಒಂದು ಚಹಾದಂಗಡಿ.

ಇವನ್ನು ರೂಪಿಸಿದ ಎಂಜಿನಿಯರುಗಳು ಗಾಳಿ, ಮಿಂಚು, ಹದ್ದು ಎಲ್ಲವನ್ನೂ ಯೋಚಿಸಿದ್ದರು. ಯೋಚಿಸದೆ ಬಿಟ್ಟದ್ದು ಜೊತೆಗೆ ಕೂತವರನ್ನು. ಆಕಾಶದಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ, ಇಳಿಯುವಾಗ ಮಾತ್ರ ಆಗುತ್ತಿತ್ತು. ನರಗುಂದದ ಕಾಳು ವ್ಯಾಪಾರಿಯೊಬ್ಬ ಇಳಿಯುತ್ತಿದ್ದಾಗ ಹಿಂದಿನಿಂದ ಹೆಂಡತಿ, "ಮ್ಯಾಲಿನ ನೀರಿನ ಟಾಕಿಗೆ ಮುಚ್ಚಳ ಹಾಕೀರೇನು?" ಎಂದು ಕೇಳಿದಳು. ಅವನು ಬಗ್ಗಿ ತನ್ನ ಮನೆಯ ಮಾಳಿಗೆಯನ್ನು ಹುಡುಕಿದ. ಮುಚ್ಚಳ ಹಾಕಿತ್ತು. ವಿಮಾನವೂ ಹೂವಿನಂತೆ ಇಳಿಯಿತು, ಗಾಲಿಗಳನ್ನು ಹೊರಗೆ ತೆಗೆಯದೆ. ಮುಂಡರಗಿಯ ಹಲ್ಲಿನ ಡಾಕ್ಟರು ಷಡ್ಡಕನಿಗೆ ವಿಮಾನ ಇಳಿಸುವುದು ಹೇಗೆಂದು ವಿವರಿಸುತ್ತ ವಿವರಿಸುತ್ತ ಸೂರ್ಯಕಾಂತಿ ಹೊಲದಲ್ಲಿ ಇಳಿದಿದ್ದರು. ಯಾರೂ ಸಾಯಲಿಲ್ಲ. ಈ ವಿಮಾನಗಳು ಬೀಳುವುದೂ ನಿಧಾನವಾಗಿಯೇ. ಆದರೆ ಗಾಲಿ, ಪಂಖ, ಮರ್ಯಾದೆ ಈ ಮೂರು ವಾರಕ್ಕೊಮ್ಮೆಯಾದರೂ ಎಲ್ಲೋ ಮುರಿಯುತ್ತಿದ್ದವು.

ದಾವಲಸಾಬ ನದಾಫನ ಪ್ರಕರಣ ಇವೆಲ್ಲಕ್ಕಿಂತ ಬೇರೆ ಜಾತಿಯದು.

ದಾವಲಸಾಬ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವನು, ಗದಗದಿಂದ ಕಾರವಾರಕ್ಕೆ. ಅದರಲ್ಲಿ ಇಪ್ಪತ್ತೆರಡು ವರ್ಷ ಅವನ ಬಸ್ಸಿಗೆ ಕಂಡಕ್ಟರಾಗಿದ್ದವನು ಗುರುಶಿದ್ಧಪ್ಪ ಬಳಿಗೇರ. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ದಾವಲಸಾಬ ವಿಮಾನ ಕೊಂಡು, ಕಲಿತು, ಲೈಸೆನ್ಸು ತೆಗೆದುಕೊಂಡ. ಗುರುಶಿದ್ಧಪ್ಪ ಏನನ್ನೂ ಕಲಿಯದೆ ವಿಮಾನದ ಹಿಂದಿನ ಬಲಗಡೆಯ ಸೀಟಿನಲ್ಲಿ ಕೂತ. ಮುಂದಿನ ಸೀಟು ಖಾಲಿ ಇದ್ದರೂ ಅಲ್ಲಿಗೆ ಬರುತ್ತಿರಲಿಲ್ಲ. "ಕಂಡಕ್ಟರ್ ಮುಂದ ಕೂಡೂದು ನೋಡೀರೇನು ಎಲ್ಲೆರ?" ಎನ್ನುತ್ತಿದ್ದ.

ಆ ದಿನ ಗದಗದ ಇಳಿದಾಣಕ್ಕೆ ಬರುವಾಗ ಎಲ್ಲವೂ ಸರಿಯಿತ್ತು. ಗಾಳಿ ಎದುರಿಗೆ, ಗಾಲಿ ಕೆಳಗೆ, ನೆಲ ಮೂವತ್ತು ಅಡಿ ದೂರ. ರನ್‌ವೇ ಪಕ್ಕದ ಶೆಡ್ಡಿನ ಮುಂದೆ ಐದಾರು ಜನ ಚೀಲ, ಬುಟ್ಟಿ ಹಿಡಿದು ನಿಂತಿದ್ದರು. ಗುರುಶಿದ್ಧಪ್ಪನ ಕಣ್ಣಿಗೆ ಚೀಲ ಹಿಡಿದು ನಿಂತ ಜನ ಬಿದ್ದದ್ದೇ ತಡ, ಅವನ ಅಪ್ಪಣೆ ಕೇಳದೆ ಅವನ ನಾಲಿಗೆ ಬಸ್ಸು ನಿಲ್ಲಿಸುವ ಕೂಗು ಹಾಕಿತು: "ಹೋಲ್ಡಾನ್."

ದಾವಲಸಾಬನ ಕೈಯೂ ಅವನ ಅಪ್ಪಣೆ ಕೇಳಲಿಲ್ಲ. ಎಂಜಿನ್ನಿನ ಹಿಡಿಕೆಯನ್ನು ಸೊನ್ನೆಗೆ ಎಳೆಯಿತು. ಬಲಗಾಲು ಬ್ರೇಕನ್ನು ಒತ್ತಿತು. ಆದರೆ ಕಾಲಿಗೆ ಸಿಕ್ಕಿದ್ದು ಬಾಲದ ಚುಕ್ಕಾಣಿ. ವಿಮಾನ ಬಲಕ್ಕೆ ಮುಖ ತಿರುಗಿಸಿ, ಜೋಳದ ಚೀಲ ಒಗೆದಂತೆ ಕೂತಿತು. ಎಡಗಾಲಿ ಕಳಚಿಕೊಂಡು, ವಿಮಾನಕ್ಕಿಂತ ಮೊದಲೇ ಕಾಯುತ್ತಿದ್ದವರ ಹತ್ತಿರ ಹೋಗಿ ನಿಂತಿತು.

 ಆಮೇಲೆ ದಾವಲಸಾಬ ತಿರುಗದೆಯೇ ಕೇಳಿದ, "ಯಾರ ಇಳಿಯೂರದಾರಪಾ?"

* * *

ಧಾರವಾಡದ ಗಮನ ಪ್ರಯೋಗಾಲಯ ಇಂಥವರಿಗಾಗಿಯೇ ಇತ್ತು. ಅದನ್ನು ನಡೆಸುತ್ತಿದ್ದವರು ಡಾ. ಕ್ಷಮಾ ತೊರಗಲ್ಲಮಠ. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ಬೇರೆಯವರ ಮಾತನ್ನು ಇನ್ನೂ ಕಡಿಮೆ ಮಾಡುವ ಉಪಕರಣ ಕಂಡುಹಿಡಿದವರು. ಅದರ ಹೆಸರು ಲಗಾಮು. ಹಣೆಗೆ ಕಟ್ಟುವ ಒಂದು ಪಟ್ಟಿ, ಕಿವಿಗೆ ಎರಡು ಮುಚ್ಚಳ. ಪಟ್ಟಿಯೊಳಗಿನ ಪುಟ್ಟ ದೀಪಗಳು ಕಣ್ಣಿಗೆ ಕಾಣದ ಬೆಳಕನ್ನು ಹಣೆಯೊಳಕ್ಕೆ ಕಳಿಸುತ್ತವೆ. ಮನುಷ್ಯ ಗಮನವಿಟ್ಟಾಗ ಮಿದುಳಿನ ಮುಂಭಾಗಕ್ಕೆ ರಕ್ತ ಹೆಚ್ಚು ಹರಿದು, ಹಿಂದಕ್ಕೆ ಬರುವ ಬೆಳಕು ಬದಲಾಗುತ್ತದೆ. ಅದು ಪರದೆಯ ಮೇಲೆ ಹಸಿರು ಗೆರೆಯಾಗಿ ಏಳುತ್ತದೆ, ಬೀಳುತ್ತದೆ. ನೂರಕ್ಕೆ ಅರವತ್ತರ ಮೇಲಿದ್ದರೆ ಮನುಷ್ಯ ವಿಮಾನದಲ್ಲಿದ್ದಾನೆ, ಕೆಳಗಿದ್ದರೆ ಇನ್ನೆಲ್ಲೋ ಇದ್ದಾನೆ.

ವಿಮಾನ ಸಾವಿರ ಅಡಿಗಿಂತ ಕೆಳಗೆ ಬಂದ ಕೂಡಲೇ ಲಗಾಮು ಪೈಲಟ್ಟಿನ ಕಿವಿಗೆ ಬೀಳುವ ಎಲ್ಲ ದನಿಗಳನ್ನೂ ಅಳಿಸಿಹಾಕುತ್ತಿತ್ತು. ಹೆಂಡತಿ, ಷಡ್ಡಕ, ಮೊಮ್ಮಕ್ಕಳು ಎಲ್ಲರೂ ಬಾಯಾಡಿಸುವ ಬೊಂಬೆಗಳಾಗುತ್ತಿದ್ದರು. ನೂರಾ ಹನ್ನೆರಡು ಪೈಲಟ್ಟುಗಳ ಮೇಲೆ ಪರೀಕ್ಷಿಸಿದಾಗ ನೂರಾ ಹನ್ನೆರಡು ಮಂದಿಯ ಗೆರೆಯೂ ಮೇಲೇರಿತ್ತು. ಅವರಲ್ಲಿ ಕೆಲವರು ಆ ಉಪಕರಣವನ್ನು ಮನೆಗೂ ಕೊಡುತ್ತೀರಾ ಎಂದು ವಿಚಾರಿಸಿದ್ದುಂಟು.

ದಾವಲಸಾಬನಿಗೆ ಮೂರು ಅವಕಾಶವಿತ್ತು. ಮೂರರಲ್ಲಿ ಒಂದರಲ್ಲಾದರೂ ಪಾಸಾಗದಿದ್ದರೆ ಲೈಸೆನ್ಸು ಕಾಯಮ್ಮಾಗಿ ರದ್ದು. ಮೊದಲ ಪರೀಕ್ಷೆ ಪ್ರಯೋಗಾಲಯದ ನಕಲಿ ವಿಮಾನದಲ್ಲಿ ನಡೆಯಿತು. ಅದು ನಿಜವಾದ ವಿಮಾನದ ಹೊಟ್ಟೆಯಂತೆಯೇ ಇದ್ದು, ಕಿಟಕಿಗಳಲ್ಲಿ ಆಕಾಶದ ಚಿತ್ರ ಓಡುತ್ತಿತ್ತು. ದಾವಲಸಾಬನ ಗೆರೆ ಎಂಬತ್ತರಲ್ಲಿತ್ತು. ಸಾವಿರ ಅಡಿಗೆ ಬಂದಾಗ ಲಗಾಮು ಮೌನ ಇಳಿಸಿತು. ಗೆರೆ ಬೀಳತೊಡಗಿತು. ನೆಲ ಮುಟ್ಟುವಾಗ ನಲವತ್ತೊಂದು.

"ಏನಾತ್ರಿ ನಿಮಗ?" ಎಂದು ಕ್ಷಮಾ ಕೇಳಿದರು.

"ಕಿವಿ ತಣ್ಣಗಾದ್ವು ಅಕ್ಕಾರ," ಎಂದ ದಾವಲಸಾಬ.

ಅವರು ಅದನ್ನು ಬರೆದುಕೊಂಡರು. ಅರ್ಥವಾದದ್ದಕ್ಕಲ್ಲ, ಅರ್ಥವಾಗದ್ದನ್ನು ಬರೆದುಕೊಳ್ಳುವುದು ಅವರ ರೂಢಿ.

* * *

ಮನೆಯಲ್ಲಿ ದಾವಲಸಾಬನ ಹೆಂಡತಿ ಮಾಬವ್ವ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ ಒಂದು ಕಟ್ಟಿದ ಗಂಟು, ತಂಗಿ ಇಮಾಂಬಿಗೆ ಹೊದೆಯಲೆಂದು ಹೊಲಿದ ಕೌದಿ.

ಇಮಾಂಬಿಯನ್ನು ಕೊಟ್ಟದ್ದು ಕಾರವಾರಕ್ಕೆ. ಗಂಡ ಮೂವತ್ತೊಂದು ವರ್ಷ ದಿನಾ ಕಾರವಾರಕ್ಕೆ ಬಸ್ಸು ಓಡಿಸಿದರೂ ಮಾಬವ್ವ ಅಲ್ಲಿಗೆ ಹೋದದ್ದು ನಾಲ್ಕೇ ಸಲ. ಯಲ್ಲಾಪುರ ದಾಟಿ ಘಟ್ಟದ ತಿರುವು ಸುರುವಾದರೆ ಅವಳ ಹೊಟ್ಟೆಯೂ ತಿರುಗುತ್ತಿತ್ತು. ನಿಂಬೆಹಣ್ಣು, ಶುಂಠಿ, ಮುಂದಿನ ಸೀಟು, ಯಾವುದೂ ಆಗಿಬರಲಿಲ್ಲ. ಕೊನೆಯ ಸಲ ಎರಡು ದಿನ ಎದ್ದಿರಲಿಲ್ಲ. ತಂಗಿಯೇ ಘಟ್ಟ ಹತ್ತಿ ಬರಲಿ ಎಂದರೆ ಅವಳದೂ ಅದೇ ಹೊಟ್ಟೆ. ಹಾಗಾಗಿ ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿ ಹನ್ನೊಂದು ವರ್ಷ. ದಾವಲಸಾಬ ವಿಮಾನ ಕೊಂಡದ್ದೇ ಇದಕ್ಕೆ. ಆಕಾಶದಲ್ಲಿ ಘಟ್ಟವಿಲ್ಲ, ನೇರ ಒಂದು ತಾಸು. ಆ ಪಯಣಕ್ಕೆ ನಾಲ್ಕು ದಿನವಿದ್ದಾಗಲೇ ಗಾಲಿ ಕಳಚಿತ್ತು.

"ಎಷ್ಟು ಬಂತು?"

"ನಲ್ವತ್ತೊಂದು."

"ಎಷ್ಟಕ್ಕ ಪಾಸು?"

"ಅರವತ್ತಕ್ಕ."

"ಸಾಲ್ಯಾಗನೂ ಇಷ್ಟ ಬರ್ತಿತ್ತೇನು?" ಎಂದು ಮಾಬವ್ವ ಒಳಗೆ ಹೋದಳು. ಚಹಾದ ಪಾತ್ರೆ ಒಲೆಗೆ ಬಡಿದ ಸದ್ದಿನಲ್ಲಿ ಉಳಿದ ಮಾತೆಲ್ಲ ಇತ್ತು.

ಕಟ್ಟೆಯ ಮೇಲೆ ಗುರುಶಿದ್ಧಪ್ಪ ಕೂತಿದ್ದ. ಅವನು ಪಕ್ಕದ ಓಣಿಯವನು, ಅಪಘಾತದಂದಿನಿಂದ ಪಿಸುಗುಡುತ್ತಲೇ ಮಾತಾಡುತ್ತಿದ್ದ.

"ವೈನಿ, ನನ್ನ ನಾಲಿಗಿ ಕಡದ ಹಾಕ್ರಿ."

"ಬ್ಯಾಡಪಾ. ಚಹಾ ಆರತೈತಿ, ಅದನ್ನ ಕುಡಿಯಾಕರ ಬೇಕಲ್ಲ ನಾಲಿಗಿ."

* * *

ಎರಡನೆಯ ಪರೀಕ್ಷೆಗೆ ಪ್ರಯಾಣಿಕನೊಬ್ಬ ಇರಲೇಬೇಕೆಂಬ ನಿಯಮವಿತ್ತು. ಗುರುಶಿದ್ಧಪ್ಪ ನಕಲಿ ವಿಮಾನದ ಹಿಂದಿನ ಬಲಗಡೆಯ ಸೀಟಿನಲ್ಲಿ, ತುಟಿ ಬಿಗಿದು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಕ್ಷಮಾ ಗಾಜಿನಾಚೆಯ ಕೋಣೆಯಿಂದ ಗೆರೆ ನೋಡುತ್ತಿದ್ದರು.

ಸಾವಿರ ಅಡಿ. ಮೌನ. ಗೆರೆ ಎಪ್ಪತ್ತು, ಅರವತ್ತು, ಐವತ್ತು. ಮುನ್ನೂರು ಅಡಿಯಲ್ಲಿ ವೇಗದ ಮುಳ್ಳು ಇಳಿಯಬಾರದಷ್ಟು ಇಳಿಯಿತು. ದಾವಲಸಾಬ ಅದನ್ನು ನೋಡಲಿಲ್ಲ. ಗುರುಶಿದ್ಧಪ್ಪ ನೋಡಿದ. ಬಾಯಿ ತೆರೆದ, ತೆರೆದರೂ ಕೇಳುವುದಿಲ್ಲವೆಂದು ನೆನಪಾಯಿತು. ತೊಡೆಯ ಕೆಳಗಿನಿಂದ ಬಲಗೈ ಹೊರಬಂದು, ಬಸ್ಸಿನ ತಗಡಿಗೆ ಬಡಿಯುವಂತೆ, ದಾವಲಸಾಬನ ಸೀಟಿನ ಬೆನ್ನಿಗೆ ಎರಡು ಸಲ ಅಂಗೈಯಿಂದ ಬಡಿಯಿತು. ಧಪ್, ಧಪ್.

ಗೆರೆ ನಲವತ್ತಮೂರರಿಂದ ಎಂಬತ್ತೇಳಕ್ಕೆ ನೆಗೆಯಿತು. ವಿಮಾನ ಸೊಗಸಾಗಿ ಇಳಿಯಿತು. ಯಂತ್ರ ತಕ್ಷಣವೇ ಫಲಿತಾಂಶ ಹೇಳಿತು: ಪ್ರಯಾಣಿಕನ ಹಸ್ತಕ್ಷೇಪ, ಅನುತ್ತೀರ್ಣ.

ಗುರುಶಿದ್ಧಪ್ಪ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತ. ಕ್ಷಮಾ ಅವನನ್ನು ಬಯ್ಯಲಿಲ್ಲ. ಕಾಗದದ ಮೇಲೆ ಇಳಿಸಿಕೊಂಡ ಗೆರೆಯನ್ನು ಅವನ ಮುಂದೆ ಹಿಡಿದು, "ಇನ್ನೊಮ್ಮೆ ಬಡೀರಿ ನೋಡೋಣು," ಎಂದರು.

ಅಂದು ಮಧ್ಯಾಹ್ನ ಹದಿನೇಳು ಸಲ ನಕಲಿ ವಿಮಾನ ಇಳಿಯಿತು. ಬಡಿದಾಗಲೆಲ್ಲ ಗೆರೆ ಏರಿತು, ಸುಮ್ಮನಿದ್ದಾಗಲೆಲ್ಲ ಇಳಿಯಿತು. ಬಡಿಯುವ ಬದಲು, ಕಿವಿಯ ಮುಚ್ಚಳ ತೆಗೆದು, ಮಾತಾಡಿಸಿ ನೋಡಿದರು. ಗುರುಶಿದ್ಧಪ್ಪ ಊರ ಸುದ್ದಿ ಹೇಳಿದರೆ ಗೆರೆ ಬಿತ್ತು. ದಾರಿಯ ಸುದ್ದಿ ಹೇಳಿದರೆ ಎದ್ದಿತು.

"ಸಪ್ಪಳ ಇಲ್ದಾಗ ಏನ ವಿಚಾರ ಮಾಡ್ತೀರಿ?" ಎಂದು ಕ್ಷಮಾ ದಾವಲಸಾಬನನ್ನು ಕೇಳಿದರು.

 ಈ ಪ್ರಶ್ನೆಯನ್ನು ಅವನಿಗೆ ಯಾರೂ ಹಿಂದೆ ಕೇಳಿರಲಿಲ್ಲ. "ವಿಚಾರ ಏನಿಲ್ರಿ. ಮುಂದಿಂದು ನಂದು, ಹಿಂದಿಂದು ಇವಂದು. ಹಂಗ ನಡದೈತಿ ಇಷ್ಟ ವರ್ಷ. ಹಿಂದಿನಿಂದ ದನಿ ಬರೂತನಾ ನನ್ನ ಲಕ್ಷ್ಯ ಹಿಂದ ಇರತೈತ್ರಿ. ಬಂತಂದ್ರ ಮುಂದ ಬರತೈತಿ."

ಕ್ಷಮಾ ಪೆನ್ನು ಕೆಳಗಿಟ್ಟರು. "ಅಂದ್ರ ನೀವು ಲಕ್ಷ್ಯ ಕಳಕೊಂಡಿಲ್ಲ. ಕಾಯಾಕತ್ತೀರಿ."

ನೂರಾ ಹನ್ನೆರಡು ಮಂದಿ ಹೆಂಡತಿ ಕೇಳುವ ಪ್ರಶ್ನೆಯಿಂದ ಬಿಡುಗಡೆ ಬಯಸಿದ್ದರು. ನೂರಾ ಹದಿಮೂರನೆಯವನಿಗೆ ಬೇಕಾಗಿದ್ದುದು ಜೊತೆಗಾರ. ಅವನ ಪಾಲಿಗೆ ಮೌನವೇ ಎಲ್ಲಕ್ಕಿಂತ ದೊಡ್ಡ ಗದ್ದಲವಾಗಿತ್ತು. ಮೌನವೇ ಮದ್ದು ಎಂದು ಅರವತ್ತು ಪುಟದ ಪ್ರಬಂಧ ಬರೆದು ಬಹುಮಾನ ಪಡೆದಿದ್ದ ಕ್ಷಮಾ ಆ ವಾರ ಕೂತು, ಆ ಮದ್ದು ಎಲ್ಲರಿಗೂ ಆಗುವುದಿಲ್ಲ ಎಂದು ನಾಲ್ಕು ಪುಟ ಬರೆದರು. ಆ ನಾಲ್ಕು ಪುಟಕ್ಕೆ ಆ ಅರವತ್ತು ಪುಟಕ್ಕಿಂತ ಹೆಚ್ಚು ದಿನ ಹಿಡಿಯಿತೆಂದು ಅವರ ಸಹಾಯಕರು ಹೇಳುತ್ತಾರೆ. ನಿಜವಾಗಿ ಹಿಡಿದದ್ದು ಐದು ದಿನ.

ಲೈಸೆನ್ಸು ಕೊಡುವ ಸಮಿತಿ ಒಪ್ಪಿತು, ಸಮಿತಿಗಳು ಒಪ್ಪುವ ಹಾಗೆ. ಮೂರನೆಯ ಪರೀಕ್ಷೆ ನಿಜವಾದ ವಿಮಾನದಲ್ಲಿ, ಪರೀಕ್ಷಾಧಿಕಾರಿಯ ಸಮ್ಮುಖದಲ್ಲಿ, ಕಿವಿಗೆ ಮುಚ್ಚಳವಿಲ್ಲದೆ, ಹಣೆಗೆ ಪಟ್ಟಿ ಮಾತ್ರ ಕಟ್ಟಿ. ಪ್ರಯಾಣಿಕ ಮಾತಾಡಬಹುದು, ಆದರೆ ಒಂಬತ್ತು ಅಧಿಕೃತ ಪದಗಳನ್ನು ಮಾತ್ರ. ಪಟ್ಟಿಯಲ್ಲಿಲ್ಲದ ಪದ ಬಂದರೆ ಅನುತ್ತೀರ್ಣ. ಎತ್ತರ, ವೇಗ, ಗಾಲಿ, ಎಡ, ಬಲ, ಮೇಲೆ, ಕೆಳಗೆ. ಎಂಟನೆಯದನ್ನು ಕ್ಷಮಾ ಹೋರಾಡಿ ಸೇರಿಸಿದ್ದರು: "ಬರ್ಲಿ". ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರು ಹಾಡುವ ಪದ. ಒಂಬತ್ತನೆಯದು, ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕಾದಾಗ ಹೇಳತಕ್ಕದ್ದು, ಸಮಿತಿಯ ಸ್ವಂತ ಕೊಡುಗೆ: "ಪುನರಾರೋಹಣ".

* * *

ತಾಲೀಮು ಮಾಬವ್ವನ ಪಡಸಾಲೆಯಲ್ಲಿ ನಡೆಯಿತು. ಮುಂದೊಂದು ಕುರ್ಚಿ, ಹಿಂದೊಂದು ಕುರ್ಚಿ. ಚುಕ್ಕಾಣಿಗೆ ಮೊರ, ಎಂಜಿನ್ನಿನ ಹಿಡಿಕೆಗೆ ಲಟ್ಟಣಿಗೆ. ಮಾಬವ್ವ ರೊಟ್ಟಿ ಬಡಿಯುತ್ತಲೇ ಎತ್ತರ ಹೇಳುತ್ತಿದ್ದಳು.

"ಐನೂರು ಅಡಿ."

"ಗಾಲಿ," ಎಂದ ಗುರುಶಿದ್ಧಪ್ಪ.

"ಇಳದಾವ," ಎಂದ ದಾವಲಸಾಬ ಮೊರ ತಿರುಗಿಸುತ್ತ.

"ನೂರು ಅಡಿ. ಎಮ್ಮಿ ಬಂತು ನಡಕ."

"ಪುನ... ಪುನಾರ... ಏನದು ವೈನಿ?"

"ಪುನರಾರೋಹಣ."

"ಆ ಶಬ್ದ ಮುಗಿಯೂದ್ರಾಗ ಎಮ್ಮಿ ಕರಾ ಹಾಕಿರತೈತಿ."

"ಹೊಟ್ಟೀಗೆ ಅನ್ನ ತಿಂತೀಯೋ ಇಲ್ಲೋ? ಅನ್ನು."

"ಪುನರೋ... ದಾವಲಣ್ಣ, ನೀನರ ಒಂದ್ಸಲ ಅನ್ನು ನೋಡೋಣು."

ದಾವಲಸಾಬ ಹೇಳಲಿಲ್ಲ. "ನಂದೇನಿದ್ರೂ ಕೇಳೂದು. ಅನ್ನೂ ಕೆಲಸ ನಿಂದು," ಎಂದ. ಮಾಬವ್ವ ಹಿಟ್ಟಿನ ಕೈಯಲ್ಲೇ ಆ ಪದವನ್ನು ಗೋಡೆಯ ಮೇಲೆ ಬರೆದಳು. ಮೂರನೆಯ ದಿನಕ್ಕೆ ಅದು ಗುರುಶಿದ್ಧಪ್ಪನ ಬಾಯಲ್ಲಿ ಕೂತಿತು. ಚಹಾ ಕುಡಿಯುವಾಗ, ಮೀಸೆ ತಿದ್ದುವಾಗ, ದಾರಿಯಲ್ಲಿ ಹೋಗುವಾಗ ಹೇಳುತ್ತಿದ್ದ. ಅವನ ಹೆಂಡತಿ ಬಂದು ಮಾಬವ್ವನ ಹತ್ತಿರ ಇದೇನು ಮಂತ್ರವೆಂದು ವಿಚಾರಿಸಿಕೊಂಡು ಹೋದಳು.

* * *

ಪರೀಕ್ಷಾಧಿಕಾರಿ ಶ್ರೀಪಾದ ಗಲಗಲಿ ಇಸ್ತ್ರಿ ಮಾಡಿದ ಮನುಷ್ಯ. ಬಗಲಲ್ಲಿ ಕಡತ, ಕಡತದ ಮೇಲೆ ಪಟ್ಟಿ. ಮುಂದಿನ ಸೀಟಿನಲ್ಲಿ ದಾವಲಸಾಬನ ಬಲಕ್ಕೆ ಕೂತರು. ಗುರುಶಿದ್ಧಪ್ಪ ಅವರ ಹಿಂದೆ. ಕ್ಷಮಾ ಗದಗದ ಇಳಿದಾಣದ ತಗಡಿನ ಶೆಡ್ಡಿನಲ್ಲಿ ಪರದೆಯ ಮುಂದೆ. ಅಲ್ಲಿಗೆ ಗೆರೆಯೂ ಬರುತ್ತಿತ್ತು, ವಿಮಾನದೊಳಗಿನ ಮಾತೂ ಕೇಳುತ್ತಿತ್ತು. ಮಾಬವ್ವ ಅವರ ಪಕ್ಕದಲ್ಲಿ, ಬೇಡವೆಂದರೂ.

ಮುಂಜಾನೆಯ ತಿಳಿ ಬಿಸಿಲು. ವಿಮಾನ ಒಂದು ಸುತ್ತು ಹಾಕಿ ತಿರುಗಿತು. ಸಾವಿರ ಅಡಿ.

"ವೇಗ," ಎಂದ ಗುರುಶಿದ್ಧಪ್ಪ.

"ಸರಿ ಐತಿ."

"ಗಾಲಿ."

"ಇಳದಾವ."

ಗೆರೆ ಎಂಬತ್ತೆರಡು. ಕ್ಷಮಾ ಪರದೆಯನ್ನು ಮಾಬವ್ವನಿಗೆ ಕಾಣುವಂತೆ ಸ್ವಲ್ಪ ತಿರುಗಿಸಿದರು.

ಮುನ್ನೂರು ಅಡಿಯಲ್ಲಿ ಗಲಗಲಿಯವರು ಕಿಟಕಿಯಿಂದ ಕೆಳಗೆ ನೋಡಿದರು. ಅಷ್ಟು ಹೊತ್ತೂ ಅವರೊಳಗೆ ಅಧಿಕಾರಿ ಮಾತ್ರ ಇದ್ದ. ಈಗ ಮನುಷ್ಯ ಎದ್ದು ಬಂದ. "ಆ ಕೆರಿ ಯಾವುದ್ರೀ? ದಂಡಿಗೆ ಗುಡಿ ಕಾಣತದಲ್ಲ, ನಮ್ಮ ಕಾಕಾ ಅವರ ಊರಂಗ ಅದ," ಎಂದರು.

ದಾವಲಸಾಬನ ಮುಖ ಒಂದಿಷ್ಟು ಬಲಕ್ಕೆ ತಿರುಗಿತು. ಗೆರೆ ಎಂಬತ್ತರಿಂದ ಐವತ್ತೆಂಟಕ್ಕೆ ಜಾರಿತು. ಮಾಬವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಗುರುಶಿದ್ಧಪ್ಪನಿಗೆ ಎದುರಿಗಿರುವವನು ಅಧಿಕಾರಿ ಎಂಬುದು ಮರೆತುಹೋಯಿತು. ಕಂಡದ್ದು ಇಪ್ಪತ್ತೆರಡು ವರ್ಷ ಬಾನೆಟ್ಟಿನ ಪಕ್ಕ ಕೂತು ಡ್ರೈವರನ ತಲೆ ತಿಂದ ಸಾವಿರಾರು ಜನರಲ್ಲಿ ಒಬ್ಬ. ಬಗ್ಗಿ, ಅವರ ಹೆಗಲಿನ ಮೇಲೆ ಎರಡು ಬೆರಳಿಟ್ಟು, ಕಿವಿಯ ಹತ್ತಿರ ಮೆಲ್ಲಗೆ ಅಂದ: "ಸಾಹೇಬ್ರ, ಡ್ರೈವರ್ ಜೋಡಿ ಮಾತಾಡಬಾರ್ದು."

ಗಲಗಲಿಯವರ ಬಾಯಿ ಮುಚ್ಚಿತು. ಗೆರೆ ಮೇಲೆದ್ದಿತು.

ನೂರು ಅಡಿ. "ಬರ್ಲಿ, ಬರ್ಲಿ, ಬರ್ಲಿ," ಎಂದು ಗುರುಶಿದ್ಧಪ್ಪ ಹಾಡಿಕೊಂಡ. ಡಾಂಬರು ಮೇಲೆ ಮೇಲೆ ಬಂತು. ಅರವತ್ತು. ನಲವತ್ತು. "ಬರ್ಲಿ, ಬರ್ಲಿ..."

ಬಲಗಡೆಯ ಹುಲ್ಲಿನಿಂದ ಒಂದು ಚಿಗರಿ ನೆಗೆದು ರನ್‌ವೇ ಮೇಲೆ ಬಂದು ನಿಂತಿತು. ಅದರ ಹಿಂದೆ ಎರಡು ಮರಿ. ಡ್ರೈವರನ ಕಣ್ಣು ಎಡದಂಚಿನ ಬಿಳಿಗೆರೆಯ ಮೇಲಿತ್ತು. ಬಲಗಡೆ ಕೂತ ಅಧಿಕಾರಿಯ ಕಣ್ಣು ಇನ್ನೂ ಕೆರೆಯ ಕಡೆಗಿತ್ತು. ಕಂಡದ್ದು ಹಿಂದಿನ ಸೀಟಿಗೆ.

ಮೂರು ದಿನ ಅರೆದು ಕುಡಿದ ಪದ ಗುರುಶಿದ್ಧಪ್ಪನ ಬಾಯಿಯ ತನಕ ಬಂತು. ಬಂದು, "ಪು" ಎಂಬಲ್ಲಿ ನಿಂತಿತು. ಅಲ್ಲಿಂದ ಮುಂದಕ್ಕೆ ಮಾತಾಡಿದವನು ಕಂಡಕ್ಟರು.

"ರೈಟ್, ರೈಟ್."

ದಾವಲಸಾಬ ಯಾಕೆ ಎಂದು ಕೇಳಲಿಲ್ಲ, ಏನು ಎಂದು ನೋಡಲಿಲ್ಲ. ಆ ಎರಡು ಮಾತು ಕೇಳಿದರೆ ಗಾಡಿ ಮುಂದಕ್ಕೆ ಹೋಗಬೇಕು. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಹಿಡಿಕೆ ಪೂರ್ತಿ ಮುಂದಕ್ಕೆ ಹೋಯಿತು. ವಿಮಾನ ಮೂಗೆತ್ತಿ, ಚಿಗರಿಯ ಕಿವಿಯ ಮೇಲಿಂದ ಹಾದು, ಬಿಸಿಲಿನೊಳಕ್ಕೆ ಏರಿತು. ಚಿಗರಿ ತಲೆಯೆತ್ತಿ ನೋಡಿ, ಮರಿಗಳನ್ನು ಕರೆದುಕೊಂಡು ಆಚೆಯ ಹುಲ್ಲಿಗೆ ಇಳಿಯಿತು.

ಶೆಡ್ಡಿನ ಪರದೆಯ ಮೇಲೆ ಗೆರೆ ತೊಂಬತ್ತಾರಕ್ಕೆ ಹೋಗಿ ನಿಂತಿತ್ತು. ಆ ಪ್ರಯೋಗಾಲಯದಲ್ಲಿ ಯಾರ ಗೆರೆಯೂ ಅಲ್ಲಿಗೆ ಹೋದದ್ದಿಲ್ಲ.

ಎರಡನೆಯ ಸಲ ಬಂದಾಗ ರನ್‌ವೇ ಖಾಲಿಯಿತ್ತು. ಗಾಲಿಗಳು ನೆಲಕ್ಕೆ ತಾಗಿದ್ದು ಗಲಗಲಿಯವರಿಗೆ ತಿಳಿಯಲೇ ಇಲ್ಲ. ಇಳಿದ ಮೇಲೆ ಅವರು ಕಡತ ತೆರೆದು ಪಟ್ಟಿಯ ಮೇಲೆ ಬೆರಳಾಡಿಸಿದರು.

"ಪಟ್ಟಿ ಒಳಗಿಲ್ಲದ ಪದ ಬಂತು," ಎಂದರು ಕಡೆಗೆ. "ನಿಯಮದ ಪ್ರಕಾರ..."

ಮಾಬವ್ವ ಶೆಡ್ಡಿನ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಗುರುಶಿದ್ಧಪ್ಪ ಚಪ್ಪಲಿಯನ್ನು ನೋಡುತ್ತಿದ್ದ. ದಾವಲಸಾಬ ಮಾತ್ರ ನಿರಾಳವಾಗಿದ್ದ. ಚಿಗರಿಗೆ ಏನೂ ಆಗಲಿಲ್ಲವಲ್ಲ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದ.

"ಹೌದ್ರಿ," ಎಂದರು ಕ್ಷಮಾ, ತಮ್ಮ ಕಾಗದ ತಿರುವುತ್ತ. "ನಿಯಮದ ಪ್ರಕಾರ ಸಾವಿರ ಅಡಿ ಕೆಳಗ ಪಟ್ಟಿ ಬಿಟ್ಟು ಮಾತಾಡಿದವ್ರು ಇಬ್ರು ದಾಖಲಾಗ್ಯಾರ. ಒಬ್ರು ಚಿಗರಿ ವಿಷಯ ಮಾತಾಡ್ಯಾರ. ಇನ್ನೊಬ್ರು ಕೆರಿ ವಿಷಯ. ಇಬ್ಬರ ಹೆಸರೂ ಬರೀಲೇನು?"

ಗಲಗಲಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು. ಜೇಬಿನಿಂದ ಪೆನ್ನು ತೆಗೆದು ಪಟ್ಟಿಯ ಒಂಬತ್ತನೆಯ ಪದವನ್ನು ಹೊಡೆದುಹಾಕಿ, ಅದರ ಮೇಲೆ ದುಂಡಗಿನ ಅಕ್ಷರದಲ್ಲಿ "ರೈಟ್" ಎಂದು ಬರೆದು ಸಹಿ ಮಾಡಿದರು. ಕೆಳಗೆ "ಉತ್ತೀರ್ಣ" ಎಂದೂ ಬರೆದರು.

"ಆ ಪದ ಸಮಿತಿ ಒಳಗ ಸೂಚಿಸಿದವ ನಾನ," ಎಂದರು ಯಾರಿಗೋ ಎಂಬಂತೆ. "ನನಗೂ ಒಂದೇ ಉಸಿರಿನಾಗ ಅನ್ಲಿಕ್ಕೆ ಬರೂದಿಲ್ಲ."

* * *

ಶುಕ್ರವಾರ ಬೆಳಿಗ್ಗೆ ಮೂವರೂ ಹೊರಟರು. ಮಾಬವ್ವ ಹಿಂದಿನ ಎಡಗಡೆಯ ಸೀಟಿನಲ್ಲಿ, ಗುರುಶಿದ್ಧಪ್ಪ ಬಲಗಡೆ, ಕೌದಿಯ ಗಂಟು ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು. ಮಾಬವ್ವ ಎರಡು ನಿಂಬೆಹಣ್ಣು ಮುಷ್ಟಿಯಲ್ಲಿ ಹಿಡಿದೇ ಏರಿದ್ದಳು. ಹುಬ್ಬಳ್ಳಿ ದಾಟಿದಾಗ ಒಂದನ್ನು ಕೆಳಗಿಟ್ಟಳು. ಯಲ್ಲಾಪುರ ದಾಟಿದಾಗ ಕಾಡು ಇದ್ದಕ್ಕಿದ್ದಂತೆ ಕೆಳಕ್ಕೆ ಕುಸಿಯಿತು. ಅದರೊಳಗೆ ರಸ್ತೆ ಬಿಚ್ಚಿದ ಸೀರೆಯಂಚಿನಂತೆ ಸುತ್ತಿ ಸುತ್ತಿ ಬಿದ್ದಿತ್ತು.

"ಅದ ಏನು ಘಟ್ಟ?" ಎಂದಳು.

"ಅದ," ಎಂದ ದಾವಲಸಾಬ. ಮೂರು ಸಾವಿರ ಅಡಿಯಲ್ಲಿ ಮಾತಿಗೆ ಅಡ್ಡಿಯಿರಲಿಲ್ಲ.

"ಇಷ್ಟಕ್ಕ ಅಷ್ಟ ಹೆದರಿದ್ನೇನು ನಾ?" ಎಂದು ಮಾಬವ್ವ ಎರಡನೆಯ ನಿಂಬೆಹಣ್ಣನ್ನೂ ಗುರುಶಿದ್ಧಪ್ಪನ ಕೈಗೆ ಕೊಟ್ಟಳು.

ಸಾವಿರ ಅಡಿಗೆ ಇಳಿದಾಗ ಅವಳಾಗಿಯೇ ಮಾತು ನಿಲ್ಲಿಸಿದಳು. ಗುರುಶಿದ್ಧಪ್ಪ ವೇಗ ಕೇಳಿದ, ಗಾಲಿ ಕೇಳಿದ. ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ, ನಡುವೆ ಸಣ್ಣ ಇಳಿದಾಣ. "ಬರ್ಲಿ, ಬರ್ಲಿ, ಬರ್ಲಿ." ವಿಮಾನ ಇಳಿದು, ಓಡಿ, ನಿಂತಿತು.

ಇಮಾಂಬಿ ಶೆಡ್ಡಿನ ನೆರಳಿನಲ್ಲಿ ಕಾದಿರಲಿಲ್ಲ. ಡಾಂಬರಿನ ಅಂಚಿಗೇ ಬಂದು ನಿಂತಿದ್ದಳು. ತಲೆಗೂದಲು ಬೆಳ್ಳಗಾಗಿತ್ತು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಒಣಮೀನಿನ ಡಬ್ಬಿ. ಮಾಬವ್ವ ಬಾಗಿಲು ತೆರೆದು ಒಂದು ಕಾಲು ಕೆಳಗೆ ಬಿಟ್ಟಳು. ಇಮಾಂಬಿ ಬಂದವಳೇ ಚೀಲ, ಡಬ್ಬಿ ಕೆಳಗಿಟ್ಟು ಅಕ್ಕನ ಮುಖವನ್ನು ಎರಡೂ ಕೈಯಿಂದ ಸವರಿದಳು. ಆಮೇಲೆ ಬಗ್ಗಿ, ಕೆಳಗೆ ಬಿಟ್ಟ ಆ ಕಾಲನ್ನು ಎತ್ತಿ ತಿರುಗಿ ಒಳಗಿಟ್ಟಳು.

"ಏನಬೇ ಇದು? ಇಳಿಯಾಕ ಬಿಡು."

"ಇಳಿಯೂದು ಆಮ್ಯಾ. ವಾಂತಿ ಬಂತೇನು?"

"ಇಲ್ಲ."

"ಒಂದ್ಸಲನೂ?"

"ಒಂದ್ಸಲನೂ ಇಲ್ಲ."

ಇಮಾಂಬಿ ತಿರುಗಿ ಗಂಡನ ಕಡೆ ನೋಡಿದಳು. ಅವನು ದೂರದಲ್ಲಿ ರಿಕ್ಷಾದ ಪಕ್ಕ ನಿಂತು ಅಡ್ಡಿಯಿಲ್ಲ ಎಂಬಂತೆ ಕೈಯೆತ್ತಿದ. ಗುರುಶಿದ್ಧಪ್ಪ ಏನನ್ನೂ ಕೇಳದೆ ಎದ್ದು, ಕೌದಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಜೀವನದಲ್ಲಿ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತ.

"ನಾ ಬಂದದ್ದು ನಿನ್ನ ಮನೀಗೆ," ಎಂದಳು ಮಾಬವ್ವ.

"ನನ್ನ ಮನಿ ಎಲ್ಲಿ ಹೊಕ್ಕೈತಿ, ನಾಳೆ ಬರೂಣು," ಎಂದಳು ಇಮಾಂಬಿ, ಚೀಲ, ಡಬ್ಬಿಯನ್ನು ಒಳಗಿಟ್ಟು, ಹತ್ತಲು ಒಂದು ಕಾಲೆತ್ತಿ. "ಗದಗದಾಗ ಅವ್ವನ ಓಣಿ ನೋಡಿ ಹನ್ನೊಂದ ವರ್ಷಾತು. ಸರಕೋ."